ಹೆಡ್ಡಿಂಗು ಮೇಲೆ, ಬಾಕ್ಸು ಕೆಳಗೆ

೩ ಸೆಪ್ಟೆಂಬರ್ ೨೦೦೭, ಸೋಮವಾರ

ಬಿ.ಪಿ. ಜಾಸ್ತಿ ಆಗಿದೆ, ಕೂಗಾಡಬೇಡಿ ಅಂತ ಡಾಕ್ಟರು ಹೇಳಿದ್ದೇ ತಡ, ಕೆಂಚಮ್ಮ ಅಂಗಡಿಗೆ ಹೋಗಿ ಈ ನೂರು ಪುಟದ ನೋಟ್‌ಬುಕ್ಕು ತಂದು ನನ್ನ ಮುಂದೆ ಇಟ್ಟಳು. "ಕೂಗೋದ್ನೆಲ್ಲ ಇದ್ರಲ್ಲೇ ಬರ್ಕಳಿ. ನನ್ ಕಿವಿಗೆ ಒಸಿ ರಜ ಸಿಗ್ಲಿ" ಅಂದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮಾತು ಮೀರುವುದುಂಟೆ? ಬರೆಯುತ್ತೇನೆ.

ಇವತ್ತು ಕೂಗಬೇಕಾಗಿದ್ದದ್ದು ಇದು. ಬಿಡದಿಯ ನಮ್ಮ ಆಫೀಸಿಗೆ ಬಂದು ಮೂರು ದಿನ ಆಗಿಲ್ಲ, ಆ ಹುಡುಗಿ ನನ್ನ ಟೇಬಲ್ ತಪ್ಪು ಅಂದಳು. ಕೂತು ಕೆಲಸ ಮಾಡುವ ಟೇಬಲ್ ಅಲ್ಲ. ವೆಬ್ ಪೇಜಿನಲ್ಲಿ ಅಡ್ಡ ಸಾಲು, ಉದ್ದ ಸಾಲು ಹಾಕಿ ನಾನು ಕಟ್ಟುವ ಕೋಷ್ಟಕ.

ನನಗೆ! ಚನ್ನಪಟ್ಟಣದಲ್ಲಿ ಹದಿನೆಂಟು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದ ಬೋರಲಿಂಗಯ್ಯನಿಗೆ! ಸೀನಿಯರ್ ಪರೀಕ್ಷೆಯ ಸ್ಟೇಟ್‌ಮೆಂಟ್ ಅಂದರೆ ಹುಡುಗರಿಗೆ ಚಳಿಜ್ವರ ಬರುತ್ತಿತ್ತು. ಎಷ್ಟು ಕಾಲಂ, ಒಂದೊಂದಕ್ಕೆ ಎಷ್ಟು ಅಕ್ಷರ, ನಡುವೆ ಎಷ್ಟು ಜಾಗ ಅಂತ ಮೊದಲೇ ಎಣಿಸಿ, ಹೆಡ್ಡಿಂಗುಗಳನ್ನು ಮೇಲೆ ಒಂದೇ ಸಾಲಿನಲ್ಲಿ ಕೂರಿಸಿ, ವಿವರಗಳನ್ನು ಕೆಳಗೆ ನೂಲು ಹಿಡಿದ ಹಾಗೆ ಇಳಿಸಬೇಕು. ನನ್ನ ಕೈಕೆಳಗೆ ಕಲಿತವರು ಯಾರೂ ಸ್ಟೇಟ್‌ಮೆಂಟಿನಲ್ಲಿ ಫೇಲಾಗಿಲ್ಲ. ಕಂಪ್ಯೂಟರ್ ಬಂದು ಮೆಷಿನ್ನುಗಳೆಲ್ಲ ಗುಜರಿಗೆ ಹೋದ ಮೇಲೆ ನನ್ನ ಹಳೆಯ ಶಿಷ್ಯ ಬಾಲರಾಜು, "ಬನ್ನಿ ಮೇಷ್ಟ್ರೇ, ಫ್ಯಾಕ್ಟ್ರಿಗಳಿಗೆ ವೆಬ್ ಪೇಜು ಮಾಡ್ಕೊಡೋ ಕಂಪ್ನಿ ಮಾಡಿವ್ನಿ" ಅಂತ ಕರೆದ. ಟೇಬಲ್ ಹಾಕುವುದನ್ನು ನಾಲ್ಕೇ ದಿನದಲ್ಲಿ ಕಲಿತೆ. ಕಲಿಯುವುದೇನು, ಅದೇ ಸ್ಟೇಟ್‌ಮೆಂಟು!

ಹುಡುಗಿ ಕನಕಪುರದವಳು, ಪದ್ಮಶ್ರೀ ಅಂತ. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. "ಸಾರ್, ಟೇಬಲ್ ಇರೋದು ಪಟ್ಟಿ ತೋರ್ಸಕ್ಕೆ. ಫಾರಂ ಜೋಡ್ಸಕ್ಕೆ ಸಿಎಸ್ಎಸ್ ಐತೆ" ಅನ್ನುತ್ತಾಳೆ. ಅದೇನಂದರೆ, ಪೇಜಿನಲ್ಲಿ ವಿಷಯ ಮಾತ್ರ ಸರಿಯಾದ ಕ್ರಮದಲ್ಲಿ ಬರೆಯುವುದು, ಯಾವುದು ಎಲ್ಲಿ ಕಾಣಬೇಕು, ಎಷ್ಟು ಅಗಲ ಅನ್ನುವುದನ್ನೆಲ್ಲ ಬೇರೆ ಒಂದು ಫೈಲಿನಲ್ಲಿ ಬರೆಯುವುದು. ಮೂಗು ಹಿಡಿಯಲು ತಲೆ ಸುತ್ತಿ ಕೈ ತರುವ ಕೆಲಸ.

೫ ಸೆಪ್ಟೆಂಬರ್, ಬುಧವಾರ

ದೊಡ್ಡ ಕೆಲಸ ಬಂದಿದೆ. ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗದ ಕಾರ್ಖಾನೆ ನಲವತ್ತು ಜನರನ್ನು ತೆಗೆದುಕೊಳ್ಳುತ್ತದೆ. ಅದರಲ್ಲಿ ಎರಡು ಟೆಲಿಫೋನ್ ಆಪರೇಟರ್ ಹುದ್ದೆ ಅಂಗವಿಕಲರಿಗೆ. ಅರ್ಜಿಯೆಲ್ಲ ವೆಬ್ಬಿನಲ್ಲೇ, ಇಂಗ್ಲಿಷಿನಲ್ಲೇ. ಒಬ್ಬರಿಗೆ ಒಂದೇ ಅರ್ಜಿ. ಇಪ್ಪತ್ತೆಂಟನೇ ತಾರೀಕು ಸಂಜೆ ಐದಕ್ಕೆ ಬಾಗಿಲು ಬಂದ್.

ಸಂಜೆಯೊಳಗೆ ಫಾರಂ ಕಟ್ಟಿಬಿಟ್ಟೆ. ಮೇಲಿನ ಸಾಲಿನಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಅಂತ ಮೂರು ಹೆಡ್ಡಿಂಗು, ಕೆಳಗಿನ ಸಾಲಿನಲ್ಲಿ ನೇರಕ್ಕೆ ಮೂರು ಬಾಕ್ಸು. ಮತ್ತೆ ಮೂರು ಹೆಡ್ಡಿಂಗು, ಮತ್ತೆ ಮೂರು ಬಾಕ್ಸು. ಬಾಲರಾಜು ನೋಡಿ, "ಮುತ್ತು ಪೋಣ್ಸಿದಂಗೈತೆ ಮೇಷ್ಟ್ರೇ" ಅಂದ. ಹುಡುಗಿಯೂ ತನ್ನದೊಂದು ಮಾಡಿದ್ದಾಳೆ. ನಾಡಿದ್ದು ಎರಡನ್ನೂ ತೋರಿಸುತ್ತಾರಂತೆ. ತೋರಿಸಲಿ, ನನಗೇನು.

೭ ಸೆಪ್ಟೆಂಬರ್, ಶುಕ್ರವಾರ

ಗೆದ್ದೆ!

ಕಾರ್ಖಾನೆಯ ಹಳೇ ಕಂಪ್ಯೂಟರಿನಲ್ಲಿ ಹುಡುಗಿಯ ಫಾರಂ ತೆರೆದರೆ ಬಾಕ್ಸುಗಳು ಒಂದರ ಕೆಳಗೊಂದು ಜಾರಿ, ಸಂತೆ ಮುಗಿದ ಮೈದಾನದ ಹಾಗೆ ಚೆಲ್ಲಾಪಿಲ್ಲಿ. ನನ್ನದು ಮಾತ್ರ ಕದಲಲಿಲ್ಲ. ಕೆಲಸಕ್ಕೆ ಜನರನ್ನು ಆರಿಸುವ ಪರ್ಸೊನೆಲ್ ಆಫೀಸರು ಮುನಿಶಾಮಯ್ಯ, ಮೀಸೆಯ ಮನುಷ್ಯ, ಜಾಸ್ತಿ ಮಾತಿಲ್ಲ, "ಇದೇ ಇರ್ಲಿ" ಅಂದುಬಿಟ್ಟರು.

ವಾಪಸು ಬರುವಾಗ ಬಾಲರಾಜುವಿನ ಕಾರಿನಲ್ಲಿ ಹುಡುಗಿ, "ಹಳೇ ಬ್ರೌಸರ್ ಸಾರ್, ಅದ್ಕೇ ಹಂಗಾಯ್ತು" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದೆ. ಬಾಲರಾಜು ನಕ್ಕ. ಅವಳು ನಗಲಿಲ್ಲ. "ಕಣ್ ಕಾಣ್ದೋರು ಕಂಪ್ಯೂಟರ್ ಕೈಲಿ ಓದಿಸ್ಕೊಂಡು ಫಾರಂ ತುಂಬ್ತಾರೆ ಸಾರ್. ಅದು ಸಾಲಾಗಿ ಓದ್ಕೊಂಡ್ ಹೋಯ್ತದೆ. ನಿಮ್ ಫಾರಂ ಅವ್ರಿಗೆ ಗೊತ್ತಾಗಲ್ಲ" ಅಂದಳು.

"ಅಂಥೋರು ಎಷ್ಟ್ ಜನ ಅವ್ರಮ್ಮ?" ಅಂದೆ. ಸೋತವರಿಗೆ ಒಂದು ನೆಪ ಬೇಕಲ್ಲ.

೧೨ ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಚನ್ನಪಟ್ಟಣ ಬಸ್ ಸ್ಟ್ಯಾಂಡಿನಲ್ಲಿ ತಾಜ್ ಪಾಷಾ ಸಿಕ್ಕಿದ. ನಾನು ಕೆಮ್ಮಿದ್ದಕ್ಕೇ, "ಸಾರ್, ಬೋರಲಿಂಗಯ್ಯ ಸಾರ್!" ಅಂತ ಕೂಗಿ ಕೋಲು ಹಿಡಿದು ಹತ್ತಿರ ಬಂದ. ಏಳನೇ ವಯಸ್ಸಿಗೆ ಜ್ವರದಲ್ಲಿ ಎರಡೂ ಕಣ್ಣು ಹೋದ ಹುಡುಗ. ಇನ್‌ಸ್ಟಿಟ್ಯೂಟಿಗೆ ಬಂದಾಗ ನಾನೇ ಬೆರಳು ಹಿಡಿದು ಒಂದೊಂದು ಕೀ ಮೇಲೆ ಇಟ್ಟು ಕಲಿಸಿದ್ದೆ. ತೊಂಬತ್ತೆಂಟರಲ್ಲಿ ಸೀನಿಯರ್ ಫಸ್ಟ್ ಕ್ಲಾಸ್. ಆದರೂ ಯಾರೂ ಕೆಲಸ ಕೊಡಲಿಲ್ಲ. ಅಣ್ಣನ ಬೊಂಬೆ ಅಂಗಡಿಯಲ್ಲಿ ಹೊಳಪು ಹಚ್ಚುತ್ತಾ ಕೂತಿದ್ದಾನೆ, ಒಂಬತ್ತು ವರ್ಷದಿಂದ.

ಟೀ ಕುಡಿಸಿದೆ. ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದಾನಂತೆ. ಆಪರೇಟರ್ ಕೆಲಸಕ್ಕೆ ಅರ್ಜಿ ಹಾಕುತ್ತಾನಂತೆ. ಆ ಫಾರಂ ನಾನೇ ಮಾಡಿದ್ದು, ತುಂಬಿಕೊಡಲೇನಪ್ಪ ಅಂದರೆ, "ಬ್ಯಾಡಿ ಸಾರ್. ಕಂಪ್ಯೂಟರ್ ಬರ್ಬೇಕು ಅಂತ ಹಾಕವ್ರೆ. ಬೇರೇರ್ ಕೈಲಿ ತುಂಬ್ಸಿ, ಬತ್ತದೆ ಅಂತ ಹೆಂಗೇಳ್ಲಿ? ನೀವೇ ಮಾಡಿರೋ ಫಾರಂ ಅಂತಲ್ಲ, ನಂಗೇನ್ ಭಯ" ಅಂದ.

ಹುಡುಗಿಯ ಮಾತು ನೆನಪಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ನಿಮಿಷಕ್ಕೆ ನಲವತ್ತೈದು ಪದ ಹೊಡೆಯುವವನಿಗೆ ಒಂದು ಫಾರಂ ಯಾವ ಲೆಕ್ಕ? ಸುಮ್ಮನಾದೆ.

೧೫ ಸೆಪ್ಟೆಂಬರ್, ಶನಿವಾರ

ಗಣೇಶನ ಹಬ್ಬ. ಕಡುಬು ಆರು. ಬಿ.ಪಿ. ಬಗ್ಗೆ ಯಾರೂ ಮಾತಾಡಲಿಲ್ಲ.

೧೯ ಸೆಪ್ಟೆಂಬರ್, ಬುಧವಾರ

ಇವತ್ತು ರಜ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ ತಾಜ್ ಪಾಷಾ ಬಂದ. ಕೆಂಚಮ್ಮ ಕಾಫಿ ತಂದಿಟ್ಟು, ಆಮೇಲೆ "ಅಯ್ಯೋ ನನ್ ಬುದ್ಧಿಗಿಷ್ಟು, ರಂಜಾನ್ ಉಪವಾಸ ಅಲ್ವೇನಪ್ಪ ನಿಂಗೆ!" ಅಂತ ಲೋಟ ಒಳಗೆ ಒಯ್ದಳು. ಅವನು ನಕ್ಕ. ನಗುತ್ತಲೇ ಜೇಬಿನಿಂದ ಮಡಚಿದ ಕಾಗದ ತೆಗೆದ. "ಇದೊಸಿ ಓದಿ ಸಾರ್. ರಿಜೆಕ್ಟ್ ಅಂತ ಬಂದದೆ. ಸೈಬರ್ ಅಂಗ್ಡೀಲಿ ಪ್ರಿಂಟ್ ತೆಗಿಸ್ದೆ. ಎಲ್ಲಿ ತಪ್ಪಾಯ್ತು ಅಂತ ತಿಳೀನಿಲ್ಲ."

ಓದಿದೆ. ಹೆಸರು ಇರಬೇಕಾದ ಕಡೆ ೧೪-೦೬-೧೯೭೬. ತಂದೆಯ ಹೆಸರಿನ ಕಡೆ ತಾಜ್ ಪಾಷಾ. ಹುಟ್ಟಿದ ದಿನಾಂಕದ ಕಡೆ ಪಾಪ ಅವರಪ್ಪನ ಹೆಸರು. ಫಾರಂ ಪೂರ್ತಿ, ಪ್ರತಿ ಸಾಲೂ ಹೀಗೇ, ಒಂದೊಂದು ಮನೆ ಸರಿದು ಕೂತಿತ್ತು. ಒಂದು ಅಕ್ಷರ ತಪ್ಪಿಲ್ಲ, ಒಂದು ಸ್ಪೇಸು ತಪ್ಪಿಲ್ಲ. ಟೈಪಿಂಗಿಗೆ ನೂರಕ್ಕೆ ನೂರು ಕೊಡಬೇಕು.

"ಹೆಸ್ರು, ತಂದೆ ಹೆಸ್ರು, ಹುಟ್ಟಿದ್ ತಾರೀಕು ಅಂತ ಮೂರೂ ಓದ್ಬುಡ್ತು ಸಾರ್. ಆಮೇಲೆ ಬಾಕ್ಸು ಬಂತು. ಕೊನೇಗೆ ಕೇಳಿದ್ದು ತಾರೀಕಲ್ವಾ, ಅದ್ನೇ ಹೊಡ್ದೆ. ಆಮೇಲಿನ ಬಾಕ್ಸು ಬರೀ ಬಾಕ್ಸು, ಹೆಸ್ರೇ ಹೇಳ್ನಿಲ್ಲ. ಅಂದಾಜಲ್ಲಿ ತುಂಬ್ದೆ." ಕೋಲಿನ ತುದಿ ಸವರಿದ. "ನಂದೇ ತಪ್ಪು ಸಾರ್. ನಿಮ್ ಹೆಸ್ರು ಕೆಡಿಸ್ದೆ. ಸರ್ಟಿಫಿಕೇಟ್ ತಗಂಡೂ ಒಂದು ಫಾರಂ ತುಂಬಕ್ಕೆ ಆಗ್ನಿಲ್ಲ. ಅಣ್ಣ ಹೇಳೋದೇ ಸರಿ, ಬೊಂಬೆ ಉಜ್ಕಂಡು ಇರ್ತೀನಿ."

ತಪ್ಪು ನಿಂದಲ್ಲ ಕಣಪ್ಪ, ನಂದು ಅಂತ ಒಂದು ಮಾತು ಹೇಳಲು ನಾಲಿಗೆ ಏಳಲಿಲ್ಲ. "ನೋಡೋಣ" ಅಂದೆ. ಕೋಲು ಕುಟ್ಟುತ್ತಾ ಹೋದ. ಹದಿನೆಂಟು ವರ್ಷ ಹುಡುಗರಿಗೆ ತಪ್ಪು ಒಪ್ಪಿಕೊಳ್ಳಿ ಅಂತ ಬೆರಳ ಗೆಣ್ಣಿನ ಮೇಲೆ ಸ್ಕೇಲಿನಲ್ಲಿ ಹೊಡೆದವನು ನಾನು.

೨೦ ಸೆಪ್ಟೆಂಬರ್, ಗುರುವಾರ

ಆಫೀಸಿಗೆ ಹೋದವನೇ ಪದ್ಮಶ್ರೀ ಮುಂದೆ ಕುರ್ಚಿ ಎಳೆದು ಕೂತು, ನನ್ನ ಫಾರಂ ಓದಿಸಮ್ಮ, ಕೇಳಬೇಕು ಅಂದೆ. ಓದುವ ಸಾಫ್ಟ್‌ವೇರಿನ ಸ್ಯಾಂಪಲ್ ಇಳಿಸಿಕೊಂಡಳು. ಅದು ನಲವತ್ತು ನಿಮಿಷ ಮಾತ್ರ ಮಾತಾಡುತ್ತದೆ, ಆಮೇಲೆ ಕಂಪ್ಯೂಟರ್ ಆರಿಸಿ ಹಚ್ಚಬೇಕು.

ಕಣ್ಣು ಮುಚ್ಚಿಕೊಂಡೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ. ಆಮೇಲೆ ಎಡಿಟ್. ಎಡಿಟ್. ಎಡಿಟ್. ಬಾಕ್ಸು ಬಂದರೆ ಅದು ಹೇಳುವುದು ಅಷ್ಟೇ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಎಲ್ಲಿದ್ದೇನೆ ಅಂತ ನನಗೇ ತಿಳಿಯಲಿಲ್ಲ. ಕಟ್ಟಿದವನೇ ನಾನು! ಮೇಲೆ ಕೆಳಗೆ ಅನ್ನುವುದೆಲ್ಲ ಕಣ್ಣಿದ್ದವರ ಸಂಗತಿ. ಕಿವಿಗೆ ಇರುವುದು ಮೊದಲು, ಆಮೇಲೆ, ಅಷ್ಟೇ.

ನಾನು ಅವತ್ತೇ ಹೇಳಲಿಲ್ವಾ ಅಂತ ಅವಳು ಅನ್ನಲಿಲ್ಲ. ಅಂದಿದ್ದರೆ ನಾಲ್ಕು ಮಾತು ಬೈದಾದರೂ ಹಗುರಾಗುತ್ತಿದ್ದೆ.

೨೧ ಸೆಪ್ಟೆಂಬರ್, ಶುಕ್ರವಾರ

ಬಾಲರಾಜುವಿಗೆ ಹೇಳಿದೆ. ಫಾರಂ ಬದಲಾಯಿಸಬೇಕು, ಆ ಹುಡುಗನ ಅರ್ಜಿ ರದ್ದು ಮಾಡಿ ಇನ್ನೊಂದು ಸಲ ಹಾಕಲು ಬಿಡಿ ಅಂತ ಕಾರ್ಖಾನೆಯವರನ್ನು ಕೇಳಬೇಕು ಅಂದೆ. ಅವನು ಬಾಗಿಲು ಹಾಕಿ ಬಂದ.

"ಮೇಷ್ಟ್ರೇ, ನಿಮ್ ಕಾಲ್ಗೆ ಬೀಳ್ತೀನಿ, ಬಾಯ್ ಮುಚ್ಕಂಡಿರಿ. ನಮ್ ಫಾರಮ್ಮೇ ತಪ್ಪು ಅಂತ ನಾವೇ ಹೋಗಿ ಹೇಳ್ಕಂಡ್ರೆ ನಾಳೆ ಕೆಲ್ಸ ಬೆಂಗ್ಳೂರೋರ್ಗೆ ಹೋಯ್ತದೆ. ಆಮೇಲೆ ನಿಮ್ ಕುರ್ಚಿನೂ ಉಳಿಯಕಿಲ್ಲ."

ಬೆದರಿಕೆ ಹಾಕುವವನ ಮುಖವಲ್ಲ ಅದು, ಹೆದರಿದವನ ಮುಖ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಆದರೆ ತಾಜ್ ಪಾಷಾ ತನ್ನದೇ ತಪ್ಪು ಅಂದುಕೊಂಡು ಬೊಂಬೆ ಉಜ್ಜುತ್ತಾ ಕೂತಿದ್ದಾನಲ್ಲ, ಅದನ್ನು ಹೇಗೆ ಸಹಿಸಲಿ?

೨೨ ಸೆಪ್ಟೆಂಬರ್, ಶನಿವಾರ

ಮೊದಲು ಫಾರಂ ಸರಿಯಾಗಲಿ, ಆಮೇಲೆ ಬಾಕಿ ಮಾತು. ಪದ್ಮಶ್ರೀ ಕಲಿಸುತ್ತಿದ್ದಾಳೆ. ಪ್ರತಿ ಹೆಸರಿನ ಹಿಂದೆಯೇ ಅದರ ಬಾಕ್ಸು ಬರೆಯಬೇಕು. ಈ ಹೆಸರು ಈ ಬಾಕ್ಸಿನದು ಅಂತ ಗಂಟು ಹಾಕಬೇಕು, ಅದಕ್ಕೆ ಲೇಬಲ್ ಅಂತಾರೆ. ಆಮೇಲೆ ಇನ್ನೊಂದು ಫೈಲಿನಲ್ಲಿ, ನೀನು ಎಡಕ್ಕೆ ನಿಲ್ಲು, ನೀನು ಇಷ್ಟು ಅಗಲ ಇರು ಅಂತ ಒಂದೊಂದಕ್ಕೂ ಹೇಳಿಕೊಡಬೇಕು.

"ಸಾರ್, ಸೆಮಿಕೋಲನ್ ಮರ್ತ್ರಿ."

"ಸಾರ್, ಮತ್ತೆ ಮರ್ತ್ರಿ."

ಐದನೇ ಸಲಕ್ಕೆ ಮರೆತಾಗ ಗೆಣ್ಣು ಮುಂದೆ ಚಾಚಿ ಹೊಡಿಯಮ್ಮ ಅಂದೆ. ಬಿದ್ದು ಬಿದ್ದು ನಕ್ಕಳು. ಆಫೀಸಿಗೆ ಬಂದ ಮೇಲೆ ಅವಳು ನಕ್ಕಿದ್ದು ಇದೇ ಮೊದಲು ಅನ್ನಿಸುತ್ತದೆ.

೨೪ ಸೆಪ್ಟೆಂಬರ್, ಸೋಮವಾರ

ಹಳೇ ಬ್ರೌಸರಿನಲ್ಲಿ ಬಾಕ್ಸುಗಳು ಮತ್ತೆ ಜಾರಿದವು. ಪದ್ಮಶ್ರೀ ಕಣ್ಣಲ್ಲಿ ನೀರು. ಅವತ್ತು ಕಾರ್ಖಾನೆಯಲ್ಲಿ ಆದ ಅವಮಾನ ಮರೆತಿಲ್ಲ ಮಗು. ನಾನು ಒಂದು ಕಾಗದ ತೆಗೆದುಕೊಂಡು ಸ್ಟೇಟ್‌ಮೆಂಟಿಗೆ ಎಣಿಸುವ ಹಾಗೆ ಎಣಿಸುತ್ತಾ ಹೋದೆ. ಹೆಸರಿಗೆ ಇಷ್ಟು, ಬಾಕ್ಸಿಗೆ ಇಷ್ಟು, ಎಡಗಡೆ ಖಾಲಿ ಇಪ್ಪತ್ತು, ಎಲ್ಲ ಪರದೆಯ ಚುಕ್ಕೆಗಳ ಲೆಕ್ಕದಲ್ಲಿ. ಕೂಡಿದರೆ ಜಾಗ ಸಾಕು. ಮತ್ತೆ ಯಾಕೆ ಜಾರುತ್ತದೆ? ಸ್ಕೇಲನ್ನು ಪರದೆಯ ಮೇಲೇ ಇಟ್ಟು ಅಳೆದೆ. ಎಡಗಡೆ ಇಪ್ಪತ್ತು ಬಿಡು ಅಂದರೆ ಆ ಕಳ್ಳ ಬ್ರೌಸರ್ ನಲವತ್ತು ಬಿಡುತ್ತಿದೆ!

ಹೇಳಿದ್ದೇ ತಡ, ಅವಳು "ಹೌದಾ ಸಾರ್?" ಅಂತ ಎದ್ದು ಕೂತು, ಎಲ್ಲೆಲ್ಲೋ ಹುಡುಕಿ, ಒಂದೇ ಒಂದು ಸಾಲು ಸೇರಿಸಿದಳು. ಬಾಕ್ಸುಗಳೆಲ್ಲ ಹೋಗಿ ತಮ್ಮ ತಮ್ಮ ಜಾಗದಲ್ಲಿ ನಿಂತವು. ಇಬ್ಬರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಬಾಲರಾಜು ಗಾಜಿನಾಚೆಯಿಂದ ನೋಡಿ ತಲೆ ಚಚ್ಚಿಕೊಂಡ.

೨೫ ಸೆಪ್ಟೆಂಬರ್, ಮಂಗಳವಾರ

ಬಾಲರಾಜುವಿಗೆ ಹೇಳದೆ ಕಾರ್ಖಾನೆಗೆ ಹೋದೆ. ಪದ್ಮಶ್ರೀ ನಾನೂ ಬರ್ತೀನಿ ಅಂದಳು. ನಿನ್ನ ಕೆಲಸಕ್ಕೂ ಸಂಚಕಾರ ಬರುತ್ತದೆ ಅಂದರೂ ಕೇಳಲಿಲ್ಲ, ಎರಡೂ ಫಾರಂ, ಓದುವ ಸಾಫ್ಟ್‌ವೇರು ತುಂಬಿದ ಸಿ.ಡಿ. ಹಿಡಿದುಕೊಂಡು ಹಿಂದೆಯೇ ಬಂದಳು.

ಮುನಿಶಾಮಯ್ಯನವರಿಗೆ ತಾಜ್ ಪಾಷಾ ಕೊಟ್ಟಿದ್ದ ಪ್ರಿಂಟಿನ ಕಾಗದ ತೋರಿಸಿ, "ತಪ್ಪು ಈ ಹುಡುಗಂದಲ್ಲ ಸಾರ್, ಕಂಪನಿದೂ ಅಲ್ಲ, ಫಾರಂ ಕಟ್ಟಿದ ನಂದು" ಅಂದೆ.

ಅವರು ಕಾಗದ ನೋಡಿದರು. "ಹೆಸ್ರಿನ್ ಜಾಗದಲ್ಲಿ ಡೇಟ್ ಹಾಕೋನು ಫೋನ್ ಹೆಂಗ್ರೀ ಎತ್ತಾನೆ?" ಅಂದರು.

"ಒಂದೈದು ನಿಮಿಷ ಕಣ್ಣು ಮುಚ್ಕೊಳ್ಳಿ ಸಾರ್. ನೀವೇ ತುಂಬಿ ನೋಡಿ."

ಏನೋ ತಮಾಷೆ ಅಂದುಕೊಂಡರೋ ಏನೋ, ಕನ್ನಡಕ ತೆಗೆದು ಕಣ್ಣು ಮುಚ್ಚಿ ಕೂತರು. ಪದ್ಮಶ್ರೀ ನನ್ನ ಹಳೇ ಫಾರಂ ಓದಿಸಿದಳು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಎಡಿಟ್. ಅವರು ತಡವುತ್ತಾ ಒಂದೊಂದೇ ಕೀ ಒತ್ತಿದರು. ಕಣ್ಣು ಬಿಟ್ಟು ನೋಡಿದರೆ ಹೆಸರಿನ ಬಾಕ್ಸಿನಲ್ಲಿ ಅವರದೇ ಹುಟ್ಟಿದ ತಾರೀಕು! ಮೀಸೆಯಡಿ ಒಂದು ಸಲ ನಕ್ಕರು. ಆಮೇಲೆ ನಗಲಿಲ್ಲ.

"ಹೊಸಾದು ಹಾಕಿ" ಅಂದರು. "ಆ ಅರ್ಜಿ ತೆಗಿಸ್ತೀನಿ, ಇನ್ನೊಂದ್ಸಲ ಹಾಕ್ಲಿ. ಆದ್ರೆ ಕೊನೇ ದಿನ ಅದೇ. ಶುಕ್ರವಾರ ಐದು ಗಂಟೆ. ಒಂದ್ ನಿಮಿಷ ಆಚೆಗಿಲ್ಲ."

ಅಲ್ಲಿಂದ ಸೀದಾ ಚನ್ನಪಟ್ಟಣದ ಬಸ್ಸು ಹತ್ತಿದೆ. ಬೊಂಬೆ ಅಂಗಡಿಯಲ್ಲಿ ಅವನ ಎದುರು ಕೂತು, ಅವರಣ್ಣನಿಗೂ ಕೇಳಿಸುವ ಹಾಗೆ, ನಿನ್ನದು ಒಂದು ಅಕ್ಷರವೂ ತಪ್ಪಿರಲಿಲ್ಲ ಕಣಪ್ಪ, ತಪ್ಪು ನನ್ನದು ಅಂದೆ. ತಾಜ್ ಪಾಷಾ ಕೈ ಚಾಚಿ ಹುಡುಕಿ ನನ್ನ ಕೈ ಹಿಡಿದುಕೊಂಡ. ಅವನೇ ನನ್ನನ್ನು ಸಮಾಧಾನ ಮಾಡಿದ, ನೋಡಿ.

೨೬ ಸೆಪ್ಟೆಂಬರ್, ಬುಧವಾರ

ಬಾಲರಾಜು ಬೈದ. ಬಾಯಿಗೆ ಬಂದ ಹಾಗೆ ಬೈದ. "ಮೇಷ್ಟ್ರು ಅಂತ ಸುಮ್ನಿವ್ನಿ. ಸೋಮ್ವಾರ ಕೂತ್ ಮಾತಾಡಣ" ಅಂದ. ಪದ್ಮಶ್ರೀ ಎದ್ದು, ನಾನೂ ಹೋಗಿದ್ದೆ ಸಾರ್ ಅಂದಳು. ಅವಳನ್ನೂ ಬೈದ.

ನಾನು ಕೂಗಲಿಲ್ಲ. ಕೆಂಚಮ್ಮನಿಗೆ ಹೇಳಿದರೆ ನಂಬುವುದಿಲ್ಲ.

೨೮ ಸೆಪ್ಟೆಂಬರ್, ಶುಕ್ರವಾರ

ಕಾರ್ಖಾನೆಯವರು ಹಳೇ ಅರ್ಜಿ ತೆಗೆದದ್ದೇ ಇವತ್ತು ಬೆಳಿಗ್ಗೆ. ತಾಜ್ ಪಾಷಾ ಶುಕ್ರವಾರದ ನಮಾಜು ಮುಗಿಸಿ ಬಿಡದಿಗೆ ಬರುವ ಹೊತ್ತಿಗೆ ಮೂರೂವರೆ. ಅದರ ಮೇಲೆ ಕರೆಂಟು ಹೋಯಿತು. ನಾಲ್ಕು ಆಯಿತು, ನಾಲ್ಕು ಕಾಲಾಯಿತು. ನಾನು ಕೂತಲ್ಲಿ ಕೂರಲಿಲ್ಲ. ಪದ್ಮಶ್ರೀ ಬೀದಿಗೆ ಹೋಗಿ ಕಂಬ ನೋಡಿ ಬಂದಳು. ಬಾಲರಾಜು ಹಿಂದುಗಡೆ ಹೋಗಿ, ಡೀಸೆಲ್ ದಂಡ ಅಂತ ಎಂದೂ ಹಚ್ಚದ ಜನರೇಟರನ್ನು ತಾನೇ ಹಗ್ಗ ಎಳೆದು ಹಚ್ಚಿದ. ನಾಲ್ಕು ಇಪ್ಪತ್ತು. ಸ್ಯಾಂಪಲ್ಲು ಮಾತಾಡುವುದೂ ನಲವತ್ತೇ ನಿಮಿಷ, ನಮಗೆ ಉಳಿದದ್ದೂ ನಲವತ್ತೇ ನಿಮಿಷ.

ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಬಾಯಿ ಹಾಕಬಾರದು ಅಂತ ಮೊದಲೇ ಮನಸ್ಸಿಗೆ ಹೇಳಿಕೊಂಡಿದ್ದೆ. ಹೆಸರು, ಎಡಿಟ್. ಹೊಡೆದ. ತಂದೆಯ ಹೆಸರು, ಎಡಿಟ್. ಹೊಡೆದ. ಮೂರನೇ ಬಾಕ್ಸಿಗೆ ಬೆರಳು ನಿಲ್ಲಿಸಿ, "ಇದೇನ್ ಸಾರ್, ಮನುಷ್ಯರು ಕೂತು ಕೇಳ್ದಂಗೆ ಕೇಳ್ತದೆ!" ಅಂದ. ಆಮೇಲೆ ಆ ಬೆರಳುಗಳು ನಿಲ್ಲಲಿಲ್ಲ. ಹತ್ತು ವರ್ಷದ ಹಿಂದೆ ಕೇಳುತ್ತಿದ್ದ ಅದೇ ಓಟ. ಮೇಜಿನ ಮೇಲೆ ನನ್ನ ಬೆರಳುಗಳೂ ಅವನ ಜೊತೆಗೇ ಆಡುತ್ತಿದ್ದವಂತೆ, ಪದ್ಮಶ್ರೀ ಆಮೇಲೆ ಹೇಳಿದಳು.

ನಾಲ್ಕು ಐವತ್ತೊಂದಕ್ಕೆ ಕೊನೆಯ ಬಾಕ್ಸು. ಆ ಎರಡು ಹುದ್ದೆಗಳಿಗೆ ಮಾತ್ರ ಕಾರ್ಖಾನೆಯವರು ಕೇಳಿ ಸೇರಿಸಿದ್ದು. ಯಂತ್ರ ಓದಿತು: ಅರ್ಜಿ ತುಂಬಲು ಸಹಾಯ ಮಾಡಿದವರ ಹೆಸರು.

ತಾಜ್ ಪಾಷಾ ಒಂದು ಕ್ಷಣ ಕೈ ಎತ್ತಿದ. ನನ್ನ ಕಡೆ ಮುಖ ತಿರುಗಿಸಿದ. ಮರ್ಯಾದೆಗೆ ಮೇಷ್ಟ್ರ ಹೆಸರು ಹಾಕುತ್ತಾನೆ ಅಂದುಕೊಂಡೆ. ಮನುಷ್ಯನ ಆಸೆ ನೋಡಿ, ಸ್ಪೆಲ್ಲಿಂಗ್ ಹೇಳಲು ಬಾಯಿ ಕೂಡ ತೆರೆದಿದ್ದೆ. ಅವನು ಕೀಗಳ ಕಡೆ ತಿರುಗಿ ನಾಲ್ಕೇ ಅಕ್ಷರ ಹೊಡೆದ. ಯಂತ್ರ ಒಂದೊಂದನ್ನೇ ಓದಿತು: ಎನ್, ಓ, ಎನ್, ಇ. ಯಾರೂ ಇಲ್ಲ.

ತೆರೆದ ಬಾಯಿ ಮುಚ್ಚಿಕೊಂಡೆ. ಐವತ್ತೆರಡು ವರ್ಷದಲ್ಲಿ, ನನ್ನ ಹೆಸರು ಇಲ್ಲದಿರುವುದನ್ನು ಕೇಳಿ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.